ಜೀವಿತವಿಮುಖರಾದ ತರುಣರ ಪರೀಕ್ಷೆಯೂ ಚಿಕಿತ್ಸೆಯೂ

ಶರೀರವು ಹೇಗೋ ಹಾಗೆಯೇ ಮನಸ್ಸೂ ವ್ಯಾಧಿಗೆ ಆಶ್ರಯವೆಂದು ಚರಕಸಂಹಿತೆಯು ತನ್ನ ಮೊದಲನೆಯ ಅಧ್ಯಾಯದಲ್ಲಿಯೇ ಹೇಳಿರುವದು ವಿದ್ವಾಂಸರಿಗೆ ವಿದಿತವಾದ ಸಂಗತಿ. ಆದರೆ ಜ್ವರ ಬಂದ ಹುಡುಗನ ಹಣೆಯ ಮೇಲೆ ಕೈಯಿಡಲು ಹಿಂಜರಿಯದ ಹಿರಿಯರು, ಬದುಕಿನಿಂದ ಮನಸ್ಸು ಹಿಂದೆಗೆದ ಹುಡುಗನನ್ನು ಆ ವಿಷಯವಾಗಿ ಒಂದು ಮಾತು ಕೇಳಲು ಹೆದರುತ್ತಾರೆ. ಕೇಳಿದರೆ ಇಲ್ಲದ ವಿಚಾರವು ಮನಸ್ಸಿಗೆ ಬಂದೀತೆಂಬ ಶಂಕೆಯೊಂದು. ಮನೆತನದ ಮರ್ಯಾದೆಗೆ ಕುಂದು ಬಂದೀತೆಂಬ ಅಳುಕು ಇನ್ನೊಂದು. ಈ ಎರಡರ ನಡುವೆ ಕೇಳಬೇಕಾದ ಪ್ರಶ್ನೆಯು ಕೇಳದೆಯೇ ಉಳಿಯುತ್ತದೆ. ಇಂಥ ತರುಣರನ್ನು ವೈದ್ಯರು ಪರೀಕ್ಷಿಸುವ ಕ್ರಮವೇನು, ಚಿಕಿತ್ಸೆಯ ಅಂಗಗಳೇನು, ಅದರಲ್ಲಿ ಸಾಹಿತ್ಯದ ಉಪಾಧ್ಯಾಯನಿಗೆ ಸಲ್ಲುವ ಭಾಗವೆಷ್ಟು ಎಂಬುದನ್ನು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಪ್ರಾಂತವನ್ನು ಕಣ್ಣ ಮುಂದಿಟ್ಟುಕೊಂಡು ವಿವರಿಸುವದು ಈ ಲೇಖನದ ಉದ್ದೇಶ.

೧. ಪದವಿಚಾರ

ಮೊದಲು ಪದವನ್ನೇ ವಿಚಾರಿಸುವದು ಯುಕ್ತ. 'ಆತ್ಮಹತ್ಯೆ' ಎಂಬ ರೂಢಿಯ ಪದದಲ್ಲಿ 'ಹತ್ಯೆ' ಎಂಬ ಉತ್ತರಪದವು ಬ್ರಹ್ಮಹತ್ಯೆ, ಗೋಹತ್ಯೆ ಮುಂತಾದ ಪಾತಕಗಳ ಪಂಕ್ತಿಯನ್ನು ನೆನಪಿಗೆ ತರುತ್ತದೆ. ಮನುಸ್ಮೃತಿಯ ಐದನೆಯ ಅಧ್ಯಾಯವು ತಾನಾಗಿ ಪ್ರಾಣವನ್ನು ತೊರೆದವರಿಗೆ ಉದಕಕ್ರಿಯೆಯನ್ನು ನಿಷೇಧಿಸಿದೆ. ಈಶಾವಾಸ್ಯದ ಮೂರನೆಯ ಮಂತ್ರದಲ್ಲಿ ಬರುವ 'ಆತ್ಮಹನ' ಎಂಬ ಶಬ್ದವನ್ನು ಪ್ರಾಣತ್ಯಾಗ ಮಾಡಿದವರಿಗೆ ಅನ್ವಯಿಸಿ ಹೆದರಿಸುವ ವಾಡಿಕೆಯೂ ಉಂಟು. ಶ್ರೀ ಶಂಕರ ಭಗವತ್ಪಾದರ ಭಾಷ್ಯದಲ್ಲಿಯಾದರೋ ಆ ಶಬ್ದಕ್ಕೆ ಆತ್ಮಸ್ವರೂಪವನ್ನು ಅರಿಯದ ಅವಿದ್ವಾಂಸರೆಂದೇ ಅರ್ಥ ಹೇಳಿದೆ. ಹೀಗೆ ಶಾಸ್ತ್ರದ ನಿಷೇಧ, ಅಪಾರ್ಥದಿಂದ ಬಂದ ಭೀತಿ, ಇವೆರಡೂ ಕೂಡಿ ನೋವನ್ನು ಪಾಪವನ್ನಾಗಿ ಮಾಡಿದವು. ಪಾಪವನ್ನು ಯಾರೂ ಬಾಯಿಬಿಟ್ಟು ಹೇಳುವದಿಲ್ಲ.

ರಾಜಶಾಸನವೂ ಬಹುಕಾಲ ಇದೇ ದಾರಿಯನ್ನು ಹಿಡಿದಿತ್ತು. ೧೮೬೦ರ ಭಾರತೀಯ ದಂಡಸಂಹಿತೆಯ ೩೦೯ನೆಯ ಕಲಮಿನಂತೆ ಪ್ರಾಣತ್ಯಾಗದ ಪ್ರಯತ್ನವು ದಂಡನೀಯವಾಗಿತ್ತು. ೨೦೧೭ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ ೧೧೫ನೆಯ ಕಲಮು ಈ ದೃಷ್ಟಿಯನ್ನು ತಿರುಗಿಸಿತು. ಪ್ರಯತ್ನಕ್ಕೆಳಸಿದವನು ತೀವ್ರವಾದ ಮನೋವ್ಯಥೆಯಲ್ಲಿದ್ದನೆಂದು ಮೊದಲು ಭಾವಿಸತಕ್ಕದ್ದು. ಅವನಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿಗಳನ್ನು ಒದಗಿಸುವದು ಸರಕಾರದ ಕರ್ತವ್ಯ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ೩೦೯ನೆಯ ಕಲಮು ಇಲ್ಲ. ಸರಕಾರಿ ನೌಕರನ ಕರ್ತವ್ಯವನ್ನು ಬಲವಂತದಿಂದ ತಡೆಯುವ ಉದ್ದೇಶದ ಪ್ರಯತ್ನವೊಂದೇ ೨೨೬ನೆಯ ಕಲಮಿನಲ್ಲಿ ಅಪರಾಧವಾಗಿ ಉಳಿದಿದೆ. ಆದುದರಿಂದ ಮಗನನ್ನೋ ಮಗಳನ್ನೋ ಆಸ್ಪತ್ರೆಗೆ ಕರೆತಂದರೆ ಮಕ್ಕಳೇ ಶಿಕ್ಷೆಗೆ ಗುರಿಯಾದಾರೆಂದು ತಂದೆತಾಯಿಗಳು ಹೆದರಬೇಕಾದುದಿಲ್ಲ. ಶಾಸನವು ಬದಲಾದ ಸಂಗತಿಯು ಹಳ್ಳಿಯ ಕಟ್ಟೆಯವರೆಗೆ ಇನ್ನೂ ತಲುಪಬೇಕಾಗಿದೆ.

೨. ದೇಶಸ್ಥಿತಿ

ಹಿಡಕಲ್ ಜಲಾಶಯವುಳ್ಳ ಹುಕ್ಕೇರಿ, ಘಟಪ್ರಭೆಯ ದಂಡೆಯ ಮೇಲಿನ ಗೋಕಾಕ, ಮೊದಲು ಗೋಕಾಕ ತಾಲೂಕಿಗೆ ಸೇರಿದ್ದು ಇತ್ತೀಚೆಗೆ ಸ್ವತಂತ್ರ ತಾಲೂಕಾದ ಮೂಡಲಗಿ, ಈ ಮೂರೂ ಕಬ್ಬಿನ ಸೀಮೆಗಳು. ನೀರಾವರಿಯ ಸಮೃದ್ಧಿಯೊಡನೆ ಸಾಲದ ಚಿಂತೆಯೂ ಇಲ್ಲಿ ನೆಲೆಸಿದೆ. ಶಾಲೆ ಕಾಲೇಜುಗಳು ಹೆಚ್ಚಿದಂತೆ, ಮನೆತನದಲ್ಲಿ ಮೊದಲ ಬಾರಿಗೆ ಪರೀಕ್ಷೆಗೆ ಕುಳಿತ ಮಕ್ಕಳೂ ಹೆಚ್ಚಿದ್ದಾರೆ. ಅವರ ಮೇಲೆ ಇಡೀ ಮನೆಯ ಆಶೆಯು ಭಾರವಾಗಿ ಕುಳಿತಿರುತ್ತದೆ. ಕನ್ನಡದೊಡನೆ ಮರಾಠಿ, ಉರ್ದುಗಳು ಮನೆಮಾತಾಗಿರುವ ಮಕ್ಕಳೂ ಇಲ್ಲಿ ಇದ್ದಾರೆ.

ದೇಶದ ಅಂಕಿಗಳನ್ನು ನೋಡಿದರೆ ವಿಷಯದ ಗೌರವವು ಗೊತ್ತಾಗುವದು. ರಾಷ್ಟ್ರೀಯ ಅಪರಾಧ ದಾಖಲೆಗಳ ಕಚೇರಿಯು ೨೦೨೨ನೆಯ ವರ್ಷಕ್ಕೆ ಭಾರತದಲ್ಲಿ ಇಂಥ ೧,೭೦,೯೨೪ ಮರಣಗಳನ್ನು ದಾಖಲಿಸಿತು. ಅವುಗಳಲ್ಲಿ ೧೩,೬೦೬ ಕರ್ನಾಟಕದವು. ದೇಶದಲ್ಲಿ ಹೀಗೆ ತೀರಿಕೊಂಡವರೊಳಗೆ ವಿದ್ಯಾರ್ಥಿಗಳು ೧೩,೦೪೪ ಮಂದಿ. ನಿಮ್ಹಾನ್ಸ್ ಸಂಸ್ಥೆಯು ೨೦೧೫-೧೬ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಹದಿಮೂರರಿಂದ ಹದಿನೇಳು ವಯಸ್ಸಿನವರಲ್ಲಿ ಶೇಕಡಾ ೭.೩ರಷ್ಟು ಮಂದಿಗೆ ಒಂದಿಲ್ಲೊಂದು ಮನೋವ್ಯಾಧಿ ಇರುವದು ಕಂಡುಬಂದಿತು. ನೂರು ಮಕ್ಕಳ ತರಗತಿಗಳಲ್ಲಿ ಏಳು ಮಂದಿ ಎಂದರೆ ಉಪಾಧ್ಯಾಯನು ನಿತ್ಯವೂ ಹಾಜರಿ ಕರೆಯುವ ಹೆಸರುಗಳೇ ಇವು.

ಈ ಪ್ರಾಂತಕ್ಕೆ ಆಶ್ರಯಗಳಿಲ್ಲವೆಂದಲ್ಲ. ಧಾರವಾಡದಲ್ಲಿ ೧೮೪೫ರಲ್ಲಿ ಹುಚ್ಚರ ಆಸ್ಪತ್ರೆಯಾಗಿ ಆರಂಭವಾದುದು ಇಂದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿ, ಡಿಮ್ಹಾನ್ಸ್ ಎಂಬ ಹೆಸರಿನಿಂದ ನಡೆದಿದೆ. ಬೆಳಗಾವಿಯಲ್ಲಿ ವೈದ್ಯವಿದ್ಯಾಲಯಗಳಿಗೆ ಸೇರಿದ ದೊಡ್ಡ ಆಸ್ಪತ್ರೆಗಳಿವೆ. ಮನೋವೈದ್ಯವನ್ನು ಹಳ್ಳಿಯ ಬಾಗಿಲಿಗೆ ಒಯ್ಯುವ ಪ್ರಯೋಗವು ದೇಶದಲ್ಲಿ ರೂಪುಗೊಂಡದ್ದೂ ಬಹುಮಟ್ಟಿಗೆ ಕನ್ನಡ ನೆಲದಲ್ಲಿಯೇ. ೧೯೮೫ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದ ಮಾದರಿಯ ಮೇಲೆಯೇ ೧೯೯೬ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ತಾಲೂಕಿನ ಆಸ್ಪತ್ರೆಗೆ ಮಂಗಳವಾರದಂದು ಮನೋವೈದ್ಯರು ಬರುವ 'ಮನೋಚೈತನ್ಯ' ಯೋಜನೆಯನ್ನು ಕರ್ನಾಟಕ ಸರಕಾರವು ೨೦೧೪ರಲ್ಲಿ ಕೈಕೊಂಡಿತು. ೨೦೨೨ರ ಅಕ್ಟೋಬರ ೧೦ರಂದು ಆರಂಭವಾದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಗೆ ೧೪೪೧೬ ಎಂಬ ಅಂಕಿಯನ್ನು ಒತ್ತಿದರೆ ಸಾಕು. ಹಗಲಿರುಳೂ ಕನ್ನಡದಲ್ಲಿಯೇ ಮಾತಾಡಬಹುದು, ವೆಚ್ಚವಿಲ್ಲ. ಆಶ್ರಯವುಂಟು; ಆದರೆ ಹುಡುಗನಿಂದ ಆಶ್ರಯದವರೆಗಿನ ದಾರಿಯನ್ನು ತೋರುವವರು ಬೇಕು.

೩. ಅಂಗದನ ದೃಷ್ಟಾಂತ

ವೈದ್ಯರ ಪರೀಕ್ಷಾಕ್ರಮವನ್ನು ಹೇಳುವ ಮೊದಲು, ಸಾಹಿತ್ಯದ ಉಪಾಧ್ಯಾಯರಿಗೆ ಪರಿಚಿತವಾದ ಒಂದು ಪ್ರಸಂಗವನ್ನು ಈ ದೃಷ್ಟಿಯಿಂದ ನೋಡುವದು ಪ್ರಯೋಜನಕರ. ವಾಲ್ಮೀಕಿರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ಸೀತಾನ್ವೇಷಣೆಗೆ ಹೊರಟ ವಾನರರಿಗೆ ಸುಗ್ರೀವನು ಒಂದು ತಿಂಗಳ ಅವಧಿಯನ್ನು ವಿಧಿಸಿದ್ದನು. ಸ್ವಯಂಪ್ರಭೆಯ ಗುಹೆಯಿಂದ ಹೊರಬಂದಾಗ ಅವಧಿಯು ಮೀರಿಹೋಗಿದೆ, ಕಾರ್ಯವು ಆಗಿಲ್ಲ. ತಂದೆಯನ್ನು ಕಳೆದುಕೊಂಡ ತರುಣನಾದ ಯುವರಾಜ ಅಂಗದನು, ಬರಿಗೈಯಿಂದ ಹಿಂದಿರುಗಿ ಸುಗ್ರೀವನ ಕೈಯಲ್ಲಿ ದಂಡನೆಗೆ ಗುರಿಯಾಗುವದಕ್ಕಿಂತ ಇಲ್ಲಿಯೇ ಪ್ರಾಯೋಪವೇಶ ಮಾಡುವದು ಲೇಸೆಂದು ನಿಶ್ಚಯಿಸುತ್ತಾನೆ. ಅವಧಿ, ಸೋಲು, ಹಿರಿಯರ ಕೋಪದ ಭಯ, ಮುಖ ತೋರಿಸಲಾರೆನೆಂಬ ನಾಚಿಕೆ: ಫಲಿತಾಂಶದ ದಿನದ ಹುಡುಗನ ಮನಸ್ಸಿನಲ್ಲಿಯೂ ಇವೇ ನಾಲ್ಕು ಇರುತ್ತವೆ.

ಇಲ್ಲಿ ಗಮನಿಸಬೇಕಾದ ಸಂಗತಿಗಳು ನಾಲ್ಕು. ಮೊದಲನೆಯದು, ಹನುಮಂತನಂಥ ವಾಗ್ಮಿಯೂ ಭೇದ ಭಯಗಳಿಂದ ಕೂಡಿದ ತರ್ಕವನ್ನು ಹೂಡಿದಾಗ ಅಂಗದನ ನಿಶ್ಚಯವು ಸಡಲಲಿಲ್ಲ. ವಾದಕ್ಕೆ ಪ್ರತಿವಾದ ಹುಟ್ಟಿತು. ಎರಡನೆಯದು, ಅಂಗದನು ಹಿರಿಯರಿಗೆ ವಂದನೆಯನ್ನು ತಿಳಿಸಲು ಹೇಳಿ, ತಾಯಿ ತಾರೆಯನ್ನು ಸಂತೈಸಿರೆಂದು ಬೇಡುತ್ತಾನೆ. ಇಂಥ ಬೀಳ್ಕೊಡುಗೆಯ ಮಾತನ್ನು ಇಂದಿನ ವೈದ್ಯರು ಅಪಾಯದ ಮುಖ್ಯ ಸೂಚನೆಗಳಲ್ಲಿ ಎಣಿಸುತ್ತಾರೆ. ಮೂರನೆಯದು, ಒಬ್ಬನ ನಿಶ್ಚಯವನ್ನು ಕಂಡು ಉಳಿದ ವಾನರರೂ ಅಳುತ್ತ ಅವನ ಸುತ್ತ ಕುಳಿತರು. ತರುಣರ ಗುಂಪಿನಲ್ಲಿ ಈ ಭಾವವು ಒಬ್ಬರಿಂದ ಒಬ್ಬರಿಗೆ ಹಬ್ಬುವದೆಂಬ ಇಂದಿನ ಅನುಭವಕ್ಕೆ ಇದು ಸಮವಾಗಿದೆ. ನಾಲ್ಕನೆಯದು, ಆ ಗಳಿಗೆ ಕಳೆದುದು ವಾದದಿಂದಲ್ಲ. ಜಟಾಯುವಿನ ಹೆಸರನ್ನು ಕೇಳಿದ ಮುದಿಹದ್ದು ಸಂಪಾತಿಯು ತಮ್ಮನ ಸುದ್ದಿಯನ್ನು ಕೇಳಿತು, ರೆಕ್ಕೆ ಸುಟ್ಟ ಅದನ್ನು ಅಂಗದನೇ ಬೆಟ್ಟದಿಂದ ಇಳಿಸಿ ತಂದನು, ನಡೆದುದೆಲ್ಲವನ್ನೂ ಹೇಳಿದನು, ಸೀತೆಯಿರುವ ಎಡೆಯು ಗೊತ್ತಾಯಿತು. ಪೂರ್ತಿ ಕೇಳುವವನೊಬ್ಬನು ದೊರೆತದ್ದು, ತನ್ನಿಂದ ಇನ್ನೊಬ್ಬರಿಗೆ ಆಗಬೇಕಾದುದುಂಟೆಂದು ತಿಳಿದದ್ದು, ಮುಂದಿನ ಹೆಜ್ಜೆಯೊಂದು ಕಂಡದ್ದು: ಈ ಮೂರರಿಂದ ನಿಶ್ಚಯವು ಕರಗಿತು.

ಸುಂದರಕಾಂಡದ ಇನ್ನೊಂದು ಸೂಕ್ಷ್ಮವೂ ಇಲ್ಲಿ ಉಪಯುಕ್ತ. ಶಿಂಶಪಾವೃಕ್ಷದ ಮರೆಯಲ್ಲಿದ್ದ ಹನುಮಂತನು, ಬದುಕಿನಲ್ಲಿ ಆಶೆಗೆಟ್ಟ ಸೀತೆಯೊಡನೆ ಯಾವ ಭಾಷೆಯಲ್ಲಿ ಮಾತಾಡಬೇಕೆಂದು ಚಿಂತಿಸುತ್ತಾನೆ. ಪಂಡಿತರ ಸಂಸ್ಕೃತವನ್ನಾಡಿದರೆ ರಾವಣನೇ ಬಂದನೆಂದು ಆಕೆಯು ಹೆದರಿಯಾಳೆಂದು, ಸಾಮಾನ್ಯ ಮನುಷ್ಯರ ನುಡಿಯನ್ನು ಆರಿಸಿಕೊಳ್ಳುತ್ತಾನೆ. ಅಂಗದನ ಮುಂದೆ ಸೋತ ಹನುಮಂತನು ಸೀತೆಯ ಮುಂದೆ ಗೆದ್ದುದು ಈ ಎಚ್ಚರದಿಂದ. ನೊಂದವರನ್ನು ನೊಂದವರ ನುಡಿಯಲ್ಲಿಯೇ ಮಾತಾಡಿಸಬೇಕೆಂಬುದು ಇಂದಿನ ಚಿಕಿತ್ಸೆಗೂ ಮೊದಲ ನಿಯಮವಾಗಿದೆ.

೪. ಪರೀಕ್ಷಾಕ್ರಮ

ರೋಗಿಯ ಪರೀಕ್ಷೆಗೆ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಉಪಾಯಗಳನ್ನು ಅಷ್ಟಾಂಗಹೃದಯವು ಹೇಳಿದೆ. ಪ್ರಕೃತದಲ್ಲಿ ಸ್ಪರ್ಶನಕ್ಕೆ ಎಡೆಯಿಲ್ಲ, ದರ್ಶನಕ್ಕೆ ಎಡೆ ಸ್ವಲ್ಪ, ಪ್ರಶ್ನವೇ ಮುಖ್ಯ. ರಕ್ತದ ಪರೀಕ್ಷೆಯಾಗಲಿ ಯಂತ್ರದ ಚಿತ್ರವಾಗಲಿ ಈ ನೋವನ್ನು ತೋರಿಸಲಾರದು.

ದರ್ಶನದಿಂದ ಗೊತ್ತಾಗುವ ಲಕ್ಷಣಗಳು ಕೆಲವುಂಟು. ನಿದ್ರೆ ಊಟಗಳು ತಪ್ಪುವದು, ಗೆಳೆಯರನ್ನು ತೊರೆದು ಒಂಟಿಯಾಗುವದು, ಹಿಂದೆ ಪ್ರಿಯವಾಗಿದ್ದ ಆಟ ಪಾಠಗಳಲ್ಲಿ ಅರುಚಿ, ಕಾರಣವಿಲ್ಲದ ಸಿಡುಕು, ಮದ್ಯಾದಿಗಳ ಸೇವನೆಯ ಆರಂಭ, ಪ್ರಿಯವಾದ ವಸ್ತುಗಳನ್ನು ಹಂಚಿಬಿಡುವದು, ತಾನು ಮನೆಗೆ ಭಾರವೆಂಬ ಮಾತು, ಬರಹದಲ್ಲಿ ಮರಣದ ಪ್ರಸ್ತಾಪವು ಮರಳಿ ಮರಳಿ ಬರುವದು, ಇಂಥವು. ಇವುಗಳಲ್ಲಿ ಒಂದೊಂದೇ ನಿರ್ಣಾಯಕವಲ್ಲ. ಹುಡುಗನ ಹಿಂದಿನ ಸ್ವಭಾವಕ್ಕೆ ಹೋಲಿಸಿದಾಗ ಕಾಣುವ ವ್ಯತ್ಯಾಸವು ಗಮನಾರ್ಹ. ಆ ವ್ಯತ್ಯಾಸವನ್ನು ಒಂದು ದಿನ ನೋಡುವ ವೈದ್ಯನಿಗಿಂತ ವರ್ಷವಿಡೀ ನೋಡುವ ಉಪಾಧ್ಯಾಯನು ಮೊದಲು ಕಾಣಬಲ್ಲನು.

ಪ್ರಶ್ನದ ವಿಷಯದಲ್ಲಿ ವೈದ್ಯರ ಕ್ರಮವು ಹೀಗಿದೆ. ತರುಣನನ್ನು ಮೊದಲು ಏಕಾಂತದಲ್ಲಿ, ಬಳಿಕ ಪೋಷಕರೊಡನೆ ಮಾತಾಡಿಸಬೇಕು. ಹೇಳಿದ ಮಾತು ಗುಟ್ಟಾಗಿರುವದೆಂದೂ, ಪ್ರಾಣಕ್ಕೆ ಅಪಾಯವಿದ್ದಾಗ ಮಾತ್ರ ಕಾಪಾಡಬಲ್ಲವರಿಗೆ ತಿಳಿಸಬೇಕಾಗುವದೆಂದೂ ಆರಂಭದಲ್ಲಿಯೇ ಸ್ಪಷ್ಟಪಡಿಸಬೇಕು; ಕೊಟ್ಟ ಮಾತಿಗೆ ತಪ್ಪಿದಂತಾಗಬಾರದು. ಆಮೇಲೆ ಸುತ್ತುಮಾತಿಲ್ಲದೆ ಕೇಳಬೇಕು. ಅಮೇರಿಕದ ಆಸ್ಪತ್ರೆಗಳಲ್ಲಿ ಹತ್ತು ವರ್ಷದ ಮಕ್ಕಳಿಂದ ಹಿಡಿದು ತರುಣರವರೆಗೆ ಪರೀಕ್ಷಿಸಿ ೨೦೧೨ರಲ್ಲಿ ಪ್ರಕಟಿಸಿದ ಒಂದು ಪ್ರಶ್ನಾವಳಿಯಲ್ಲಿ ನಾಲ್ಕೇ ಪ್ರಶ್ನೆಗಳಿವೆ. ಸತ್ತಿದ್ದರೆ ಚೆನ್ನಾಗಿತ್ತೆಂದು ಇತ್ತೀಚೆಗೆ ಅನಿಸಿತೇ? ನೀನಿಲ್ಲದಿದ್ದರೆ ನಿನಗೂ ಮನೆಯವರಿಗೂ ಒಳಿತೆಂದು ಅನಿಸಿತೇ? ಪ್ರಾಣವನ್ನು ಕಳೆದುಕೊಳ್ಳುವ ಯೋಚನೆ ಈ ವಾರದಲ್ಲಿ ಬಂದಿತೇ? ಹಿಂದೆಂದಾದರೂ ಅಂಥ ಪ್ರಯತ್ನ ನಡೆದಿತ್ತೇ? ಇವುಗಳಲ್ಲಿ ಒಂದಕ್ಕಾದರೂ ಹೌದೆಂದರೆ, ಈ ಗಳಿಗೆಯಲ್ಲಿ ಆ ಯೋಚನೆ ಇದೆಯೇ ಎಂಬ ಐದನೆಯ ಪ್ರಶ್ನೆ ಬರುತ್ತದೆ. ಅದಕ್ಕೂ ಹೌದೆಂಬ ಉತ್ತರ ಬಂದರೆ ತರುಣನನ್ನು ಒಂಟಿಯಾಗಿ ಬಿಡಕೂಡದು. ಆ ದಿನವೇ ವೈದ್ಯರ ವಿಸ್ತಾರವಾದ ಪರೀಕ್ಷೆ ನಡೆಯಬೇಕು.

ವಿಸ್ತಾರವಾದ ಪರೀಕ್ಷೆಯಲ್ಲಿ ಯೋಚನೆಯು ಎಷ್ಟು ಸಲ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಸಿದ್ಧತೆಯೇನಾದರೂ ಇದೆಯೇ, ತಡೆಹಿಡಿದುದು ಯಾವುದು ಎಂಬುದನ್ನೂ, ನೋವಿನ ಮೂಲವನ್ನೂ ವಿಚಾರಿಸುತ್ತಾರೆ. ಪರೀಕ್ಷೆಯ ಸೋಲು, ಪ್ರೇಮಭಂಗ, ಮನೆಯ ಕಲಹ, ಇಚ್ಛೆಗೆ ವಿರುದ್ಧವಾದ ವಿವಾಹದ ಒತ್ತಾಯ, ಜಾತಿಯ ಅವಮಾನ, ದೈಹಿಕ ಅಥವಾ ಲೈಂಗಿಕ ಪೀಡನೆ, ಸಾಲ, ಇವುಗಳಲ್ಲಿ ಯಾವುದೂ ಇರಬಹುದು. ಇವುಗಳ ಕೆಳಗೆ ವಿಷಾದವ್ಯಾಧಿ, ಉನ್ಮಾದ, ವ್ಯಸನ ಮುಂತಾದ ಚಿಕಿತ್ಸಾಯೋಗ್ಯ ರೋಗವು ಅಡಗಿದೆಯೇ ಎಂದು ನೋಡುವದು ವೈದ್ಯನ ಕೆಲಸ. ಬದುಕಿಗೆ ಕಟ್ಟಿಹಾಕಿರುವ ಎಳೆಗಳನ್ನೂ ಕೇಳಿ ಬರೆದುಕೊಳ್ಳಬೇಕು: ಅಜ್ಜಿಯ ಮೇಲಿನ ಮಮತೆ, ಮನೆಯ ಎತ್ತು, ಗೆಳೆಯ, ದೇವರ ನಂಬಿಗೆ, ಓದುವ ಹಂಬಲ.

ಕೇಳಿದರೆ ಇಲ್ಲದ ವಿಚಾರವು ಹುಟ್ಟೀತೆಂಬ ಶಂಕೆಗೆ ಉತ್ತರವು ದೊರೆತಿದೆ. ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ ೨,೩೪೨ ವಿದ್ಯಾರ್ಥಿಗಳಲ್ಲಿ ಒಂದು ಭಾಗಕ್ಕೆ ಈ ಪ್ರಶ್ನೆಗಳನ್ನು ಕೇಳಿ, ಇನ್ನೊಂದು ಭಾಗಕ್ಕೆ ಕೇಳದೆ, ಎರಡು ದಿನಗಳ ಮೇಲೆ ಎರಡೂ ಭಾಗದವರನ್ನು ವಿಚಾರಿಸಿದರು. ಕೇಳಿದುದರಿಂದ ಸಂಕಟವು ಹೆಚ್ಚಲಿಲ್ಲ. ಮೊದಲೇ ವಿಷಾದದಲ್ಲಿದ್ದವರಿಗೆ ಕೊಂಚ ಹಗುರವಾದಂತೆ ಕಂಡಿತು. ಈ ಫಲವು ೨೦೦೫ರಲ್ಲಿ ಪ್ರಕಟವಾಯಿತು.

ಆದರೆ ಪ್ರಶ್ನೆಯ ಭಾಷೆಯು ಯಾವುದಾಗಿರಬೇಕು? ಗೋಕಾಕ ಸೀಮೆಯ ಹುಡುಗನು ತನಗೆ ಖಿನ್ನತೆಯುಂಟೆಂದು ಹೇಳುವದಿಲ್ಲ. 'ಜೀವ ಬ್ಯಾಸತ್ತೇತಿ', 'ಯಾತರಾಗೂ ಮನಸ ಹತ್ತವಲ್ದು', 'ಎದಿ ಭಾರ ಆಗೇತಿ', 'ಸಾಕಾಗೇತ್ರಿ' ಎಂದಾನು. ಇಲ್ಲವೆ ತಲೆನೋವು ಹೊಟ್ಟೆನೋವುಗಳ ರೂಪದಲ್ಲಿ ದುಃಖವನ್ನು ತೋಡಿಕೊಂಡಾನು. ಅವನಿಗೆ 'ಆತ್ಮಹತ್ಯಾ ಪ್ರವೃತ್ತಿಯುಂಟೋ' ಎಂದು ಪ್ರಶ್ನಿಸುವದು ಸೀತೆಯೆದುರು ಸಂಸ್ಕೃತವನ್ನಾಡಿದಂತೆಯೇ ಸರಿ. 'ತಮ್ಮಾ, ಸತ್ತರ ಚೊಲೊ ಅಂತ ಮನಸಿನಾಗ ಬರತೈತೇನು?' ಎಂದು ಹಿರಿಯರು ಮೆಲ್ಲನೆ, ನೇರವಾಗಿ ಕೇಳಿದರೆ ಉತ್ತರವು ಬಂದೀತು. ಉತ್ತರ ಬಂದ ಮೇಲೆ ಗದರಿಸದೆ, ಉಪದೇಶಿಸದೆ, 'ಹೇಳಿದ್ದು ಚೊಲೊ ಮಾಡಿದಿ' ಎಂಬ ಒಂದು ಮಾತನ್ನು ಹೇಳಿ, ಜೊತೆಗಿರಬೇಕು.

೫. ಭವಿಷ್ಯಕಥನದ ಮಿತಿ

ಪರೀಕ್ಷೆ ಮುಗಿದ ಮೇಲೆ ಇವನಿಗೆ ಅಪಾಯ ಹೆಚ್ಚು, ಇವಳಿಗೆ ಕಡಿಮೆ ಎಂದು ತೂಗಿ ಹೇಳುವ ಆಶೆ ಸಹಜ. ಈ ತಕ್ಕಡಿಯ ಮೇಲಿನ ನಂಬಿಗೆಯು ಇತ್ತೀಚಿನ ವರ್ಷಗಳಲ್ಲಿ ಕುಸಿದಿದೆ. ಐವತ್ತು ವರ್ಷಗಳ ಅವಧಿಯ ೩೬೫ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೭ರಲ್ಲಿ ಪ್ರಕಟಿಸಿದ ಒಂದು ವಿಮರ್ಶೆಯು, ಆವರೆಗೆ ತಿಳಿದಿದ್ದ ಅಪಾಯಕಾರಣಗಳಿಂದ ಭವಿಷ್ಯವನ್ನು ಹೇಳುವದು ಕುರುಡು ಊಹೆಗಿಂತ ಅಷ್ಟೇನೂ ಮೇಲಲ್ಲವೆಂದು ತೋರಿಸಿತು. ಹೆಚ್ಚು ಅಪಾಯವೆಂದು ಗುರುತಿಸಿದವರಲ್ಲಿ ಬಹುಮಂದಿ ಬದುಕಿ ಬಾಳುತ್ತಾರೆ. ಕಡಿಮೆಯೆಂದು ಮನೆಗೆ ಕಳಿಸಿದವರಲ್ಲಿ ಕೆಲವರು ಕೈಬಿಟ್ಟುಹೋಗುತ್ತಾರೆ. ಇಂಗ್ಲೆಂಡಿನ ನೈಸ್ ಸಂಸ್ಥೆಯು ೨೦೨೨ರ ತನ್ನ ಮಾರ್ಗಸೂಚಿಯಲ್ಲಿ, ಮುಂದಿನದನ್ನು ಮುನ್ನುಡಿಯುವದಕ್ಕಾಗಲಿ, ಯಾರಿಗೆ ಚಿಕಿತ್ಸೆ ಕೊಡಬೇಕು ಯಾರಿಗೆ ಬೇಡವೆಂದು ನಿರ್ಣಯಿಸುವದಕ್ಕಾಗಲಿ ಇಂಥ ಅಳತೆಗಳನ್ನು ಬಳಸಕೂಡದೆಂದು ವಿಧಿಸಿತು.

ಹಾಗಾದರೆ ಪ್ರಶ್ನಾವಳಿಗಳು ವ್ಯರ್ಥವೇ ಎಂದು ಪೂರ್ವಪಕ್ಷಿಯು ಕೇಳಬಹುದು. ವ್ಯರ್ಥವಲ್ಲ. ಪ್ರಶ್ನೆಯು ಬಾಯಿಯನ್ನು ತೆರೆಯಿಸುತ್ತದೆ. ತೆರೆದ ಬಾಯಿಯಿಂದ ಬಂದ ಮಾತೇ ಚಿಕಿತ್ಸೆಯ ರೂಪವನ್ನು ನಿರ್ಣಯಿಸುತ್ತದೆ. ಪರೀಕ್ಷೆಯು ತೀರ್ಪಾಗದೆ ಚಿಕಿತ್ಸೆಯ ಮೊದಲನೆಯ ಹೆಜ್ಜೆಯಾಗಬೇಕೆಂಬುದೇ ಇಲ್ಲಿಯ ಸಿದ್ಧಾಂತ.

೬. ಚಿಕಿತ್ಸೆಯ ನಾಲ್ಕು ಪಾದಗಳು

ವೈದ್ಯ, ಔಷಧ, ಉಪಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಚರಕನು ಹೇಳಿದ್ದಾನೆ. ಪ್ರಕೃತವಿಷಯಕ್ಕೂ ಈ ವಿಭಾಗವು ಚೆನ್ನಾಗಿ ಹೊಂದುತ್ತದೆ.

ರೋಗಿಯ ಗುಣಗಳಲ್ಲಿ ಚರಕನು ಎಣಿಸಿದ 'ಜ್ಞಾಪಕತ್ವ'ವೆಂದರೆ ತನ್ನ ನೋವನ್ನು ತಿಳಿಯಹೇಳುವ ಶಕ್ತಿ. ಇದನ್ನು ಬೆಳೆಸುವ ಉಪಾಯವಾಗಿ ಬಾರ್ಬರಾ ಸ್ಟ್ಯಾನ್ಲಿ, ಗ್ರೆಗರಿ ಬ್ರೌನ್ ಎಂಬವರು ರೂಪಿಸಿದ ರಕ್ಷಣಾಯೋಜನೆ ಪ್ರಸಿದ್ಧವಾಗಿದೆ. ವೈದ್ಯನೂ ತರುಣನೂ ಕೂಡಿ ಕುಳಿತು, ತರುಣನ ಮಾತಿನಲ್ಲಿಯೇ ಒಂದು ಹಾಳೆಯ ಮೇಲೆ ಆರು ಸಂಗತಿಗಳನ್ನು ಬರೆಯುತ್ತಾರೆ: ಸಂಕಟವು ಏರತೊಡಗಿದುದರ ಗುರುತು, ತಾನೊಬ್ಬನೇ ಮಾಡಿ ಮನಸ್ಸನ್ನು ತಿರುಗಿಸಬಹುದಾದ ಕೆಲಸ, ಮನಸ್ಸು ಹಗುರಾಗುವ ಜನರು ಮತ್ತು ಎಡೆಗಳು, ಬಾಯಿಬಿಟ್ಟು ಸಹಾಯ ಕೇಳಬಹುದಾದ ಆಪ್ತರು, ವೈದ್ಯರ ಹಾಗೂ ಸಹಾಯವಾಣಿಯ ಅಂಕಿಗಳು, ಮನೆಯನ್ನು ನಿರಪಾಯವಾಗಿ ಮಾಡುವ ಬಗೆ. ಅಮೇರಿಕದ ಮಾಜಿ ಸೈನಿಕರ ಒಂಬತ್ತು ಆಸ್ಪತ್ರೆಗಳ ೧,೬೪೦ ವಯಸ್ಕ ರೋಗಿಗಳಲ್ಲಿ, ಈ ಹಾಳೆಯ ಜೊತೆಗೆ ದೂರವಾಣಿಯ ವಿಚಾರಣೆಯನ್ನೂ ಪಡೆದವರಲ್ಲಿ ಆರು ತಿಂಗಳೊಳಗೆ ಇಂಥ ಪ್ರಸಂಗಗಳು ಶೇಕಡಾ ೪೫ರಷ್ಟು ಕಡಿಮೆಯಾದುದಾಗಿ ೨೦೧೮ರಲ್ಲಿ ವರದಿಯಾಯಿತು. ಸಂಕಟದ ತುತ್ತತುದಿಯು ಬಹುಸಲ ಸ್ವಲ್ಪ ಹೊತ್ತಿನದಾಗಿರುತ್ತದೆ. ಆ ಹೊತ್ತನ್ನು ದಾಟಿಸುವದೇ ಈ ಹಾಳೆಯ ಕೆಲಸ.

ಔಷಧವು ರೋಗವಿದ್ದಲ್ಲಿ ಬೇಕು. ವಿಷಾದವ್ಯಾಧಿಯುಳ್ಳ ೪೩೯ ಕಿಶೋರರಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಫ್ಲುಒಕ್ಸೆಟೀನ್ ಎಂಬ ಔಷಧವನ್ನೂ ಮಾತಿನ ಚಿಕಿತ್ಸೆಯನ್ನೂ ಕೂಡಿಸಿ ಪಡೆದವರಲ್ಲಿ ಹನ್ನೆರಡು ವಾರಗಳಲ್ಲಿ ಶೇಕಡಾ ೭೧ ಮಂದಿ ಚೇತರಿಸಿಕೊಂಡರು; ಔಷಧವಿಲ್ಲದ ಬರಿಯ ಗುಳಿಗೆಯನ್ನು ಪಡೆದವರಲ್ಲಿ ಶೇಕಡಾ ೩೫ ಮಾತ್ರ. ಆದರೆ ಇಂಥ ಔಷಧಗಳ ಆರಂಭದ ವಾರಗಳಲ್ಲಿ ಕೆಲವು ತರುಣರಲ್ಲಿ ಚಡಪಡಿಕೆಯೂ ಕೆಟ್ಟ ಯೋಚನೆಗಳೂ ಹೆಚ್ಚಬಹುದೆಂದು ಅಮೇರಿಕದ ಔಷಧ ನಿಯಂತ್ರಣ ಸಂಸ್ಥೆಯು ಅದೇ ವರ್ಷ ಎಚ್ಚರಿಸಿತು. ಆದುದರಿಂದ ವೈದ್ಯರ ನಿಗಾ ಇಲ್ಲದೆ ಇವುಗಳನ್ನು ತೆಗೆದುಕೊಳ್ಳುವದೂ, ಗುಣ ಕಂಡಿತೆಂದು ತಾನಾಗಿ ನಿಲ್ಲಿಸುವದೂ ಎರಡೂ ತಪ್ಪು.

ವೈದ್ಯನ ಪಾದದಲ್ಲಿ ಮಾತಿನ ಚಿಕಿತ್ಸೆಯು ಸೇರುತ್ತದೆ. ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂದೆಗೆಯುವ 'ಸತ್ತ್ವಾವಜಯ'ವೆಂದು ಚರಕನು ಕರೆದುದಕ್ಕೆ ಇದು ಸಮೀಪದ್ದು. ತಮ್ಮ ಮೈಗೆ ತಾವೇ ನೋವು ಮಾಡಿಕೊಳ್ಳುವ ತರುಣರಿಗಾಗಿ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ಪದ್ಧತಿಯಿದೆ. ಸಂಕಟವನ್ನು ಸಹಿಸುವ, ಭಾವಾವೇಗವನ್ನು ತಡೆದು ನಡೆಸುವ, ಮನೆಯವರೊಡನೆ ಜಗಳವಿಲ್ಲದೆ ಬೇಡಿಕೆಯನ್ನು ಹೇಳುವ ಕೌಶಲಗಳನ್ನು ಪೋಷಕರ ಸಹಿತವಾಗಿ ಇದರಲ್ಲಿ ಕಲಿಸುತ್ತಾರೆ. ೧೭೩ ತರುಣರಲ್ಲಿ ಇದನ್ನು ಪರೀಕ್ಷಿಸಿದ ಪ್ರಯೋಗವು ೨೦೧೮ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯು ಮುಗಿದಾಗ, ಬರಿಯ ಸಾಂತ್ವನದ ಚಿಕಿತ್ಸೆಗಿಂತ ಇದರಲ್ಲಿ ಪ್ರಯತ್ನಗಳು ಕಡಿಮೆಯಾದವು.

ನಾಲ್ಕನೆಯ ಪಾದವಾದ ಉಪಚಾರಕನಿಗೆ ಅನುರಾಗವೂ ದಕ್ಷತೆಯೂ ಬೇಕೆಂದು ಚರಕನ ಮತ. ಕೃಷಿಯ ಮನೆಗಳಲ್ಲಿ ದಕ್ಷತೆಯ ಮೊದಲ ಕೆಲಸವೆಂದರೆ ಹೊಲದ ಔಷಧಗಳನ್ನೂ ಮನೆಯ ಗುಳಿಗೆಗಳನ್ನೂ ಬೀಗದಲ್ಲಿಟ್ಟು ಕೀಲಿಯನ್ನು ಹಿರಿಯರು ಇಟ್ಟುಕೊಳ್ಳುವದು. ಶ್ರೀಲಂಕೆಯಲ್ಲಿ ಅತಿವಿಷಕರವಾದ ಕೃಷಿಔಷಧಗಳ ಮಾರಾಟವನ್ನು ನಿಷೇಧಿಸಿದ ಮೇಲೆ ಇಂಥ ಮರಣಗಳು ಬಹಳ ಇಳಿದವು. ಅನುರಾಗದ ಕೆಲಸವೆಂದರೆ ಬಿಡದೆ ವಿಚಾರಿಸುವದು. ಏಕೆಂದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳೇ ಹೆಚ್ಚು ನಾಜೂಕಾದವು. ಚೆನ್ನೈಯನ್ನೊಳಗೊಂಡು ಐದು ದೇಶಗಳ ಐದು ಎಡೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಡೆಸಿದ ಪ್ರಯೋಗದಲ್ಲಿ, ಪ್ರಯತ್ನದಿಂದ ಬದುಕಿ ಉಳಿದ ೧,೮೬೭ ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಒಂದು ಗಂಟೆಯ ತಿಳಿವಳಿಕೆಯ ಮಾತನ್ನೂ, ಬಳಿಕ ಹದಿನೆಂಟು ತಿಂಗಳವರೆಗೆ ಆಗಾಗ ಭೆಟ್ಟಿ ಅಥವಾ ದೂರವಾಣಿಯ ವಿಚಾರಣೆಯನ್ನೂ ಕೊಟ್ಟರು. ೨೦೦೮ರಲ್ಲಿ ಪ್ರಕಟವಾದ ಫಲವಿದು: ವಾಡಿಕೆಯ ಚಿಕಿತ್ಸೆ ಪಡೆದವರಲ್ಲಿ ಹದಿನೆಂಟು ಮಂದಿ ಮತ್ತೆ ಪ್ರಾಣವನ್ನು ಕಳೆದುಕೊಂಡರು, ವಿಚಾರಣೆ ಪಡೆದವರಲ್ಲಿ ಇಬ್ಬರು. ಸ್ಯಾನ್ ಫ್ರಾನ್ಸಿಸ್ಕೋದ ಜೆರೋಮ್ ಮೋಟೊ ಎಂಬ ವೈದ್ಯನು, ಮುಂದಿನ ಚಿಕಿತ್ಸೆಯನ್ನು ಒಲ್ಲೆನೆಂದ ೮೪೩ ರೋಗಿಗಳಲ್ಲಿ ಒಂದು ಭಾಗಕ್ಕೆ ಐದು ವರ್ಷ ಚಿಕ್ಕ ಚಿಕ್ಕ ಓಲೆಗಳನ್ನು ಕಳಿಸಿದನು. ಅವುಗಳಲ್ಲಿ ಉಪದೇಶವಿಲ್ಲ, ಬೇಡಿಕೆಯಿಲ್ಲ. ಕುಶಲವನ್ನು ಬಯಸುವ ಎರಡು ಸಾಲು ಮಾತ್ರ. ಓಲೆ ಪಡೆದವರಲ್ಲಿ ಮೊದಲ ಎರಡು ವರ್ಷಗಳಲ್ಲಿ ಮರಣಗಳು ಕಡಿಮೆಯಾದವು. ಅಕ್ಷರವನ್ನು ಬಲ್ಲವರಿಗೆ ಇದಕ್ಕಿಂತ ಸುಲಭವಾದ ಉಪಚಾರವು ಬೇರೆ ಯಾವುದಿದೆ?

೭. ಉಪಾಧ್ಯಾಯನ ಸ್ಥಾನ

ಉಪಾಧ್ಯಾಯನು ವೈದ್ಯನಾಗಬೇಕಾದುದಿಲ್ಲ. ಕಾಣುವದು, ಕೇಳುವದು, ಜೊತೆಗಿರುವದು, ತಲುಪಿಸುವದು ಎಂಬ ನಾಲ್ಕೇ ಕೆಲಸಗಳು ಅವನವು. ಐರೋಪ್ಯದ ಹತ್ತು ದೇಶಗಳ ೧೬೮ ಶಾಲೆಗಳಲ್ಲಿ, ೧೧,೧೧೦ ವಿದ್ಯಾರ್ಥಿಗಳ ನಡುವೆ ಮೂರು ಬಗೆಯ ಉಪಾಯಗಳನ್ನು ಹೋಲಿಸಿ ನೋಡಿದ ಅಧ್ಯಯನವೊಂದು ೨೦೧೫ರಲ್ಲಿ ಪ್ರಕಟವಾಯಿತು. ಅವುಗ��ಲ್ಲಿ ವಿದ್ಯಾರ್ಥಿಗಳೇ ಕೂಡಿ ಮಾತಾಡಿ, ಸಂಕಟದ ಸಂದರ್ಭಗಳನ್ನು ಅಭಿನಯಿಸಿ ಅರಿತುಕೊಂಡ ಉಪಾಯದಿಂದ ಒಂದು ವರ್ಷದಲ್ಲಿ ಪ್ರಯತ್ನಗಳೂ ತೀವ್ರ ಯೋಚನೆಗಳೂ ಇಳಿದವು. ಅಭಿನಯಕ್ಕೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಸೆದುಕೊಂಡ ಶ್ರೀಕೃಷ್ಣಪಾರಿಜಾತದಲ್ಲಿ ಮುನಿದು ನೊಂದ ಸತ್ಯಭಾಮೆಯ ಅಳಲನ್ನು ರಾತ್ರಿಯಿಡೀ ಕುಳಿತು ಕೇಳಿದ ಜನ ಇವರು. ರಂಗದ ಮೇಲಿನ ಅಳಲಿಗೆ ಕೊಡುವ ಕಿವಿಯನ್ನು ತರಗತಿಯ ಹುಡುಗಿಗೂ ಕೊಡಬೇಕಾಗಿದೆ.

ಪಾಠದಲ್ಲಿಯೂ ಎಚ್ಚರವು ಬೇಕು. ಗಯಟೆಯ ವೆರ್ಥರನ ಕಥೆಯು ೧೭೭೪ರಲ್ಲಿ ಪ್ರಕಟವಾದ ಮೇಲೆ ಅನುಕರಣದ ಮರಣಗಳು ನಡೆದವೆಂಬ ಪ್ರತೀತಿಯಿಂದ, ಇಂಥ ಅನುಕರಣಕ್ಕೆ ೧೯೭೪ರಲ್ಲಿ ಡೇವಿಡ್ ಫಿಲಿಪ್ಸ್ ಎಂಬ ಸಮಾಜಶಾಸ್ತ್ರಜ್ಞನು ಆ ನಾಯಕನ ಹೆಸರನ್ನೇ ಇಟ್ಟನು. ಇದಕ್ಕೆ ಪ್ರತಿಯಾಗಿ, ಸಂಕಟದಿಂದ ಹಿಂದಿರುಗಿದವರ ಕಥೆಯು ಕಾಪಾಡುವದೆಂದು ಆಸ್ಟ್ರಿಯದ ವೃತ್ತಪತ್ರಿಕೆಗಳ ಅಧ್ಯಯನದಿಂದ ೨೦೧೦ರಲ್ಲಿ ಕಂಡುಬಂದಿತು. ಮರಣವನ್ನು ಪ್ರೇಮದ ಪರಾಕಾಷ್ಠೆಯೆಂದೋ ಮಾನದ ಏಕೈಕ ದಾರಿಯೆಂದೋ ಹೊಗಳಿ ಪಾಠ ಹೇಳುವದನ್ನು ಬಿಟ್ಟು, ಆ ಪಾತ್ರಕ್ಕೆ ಯಾರು ಕಿವಿಗೊಟ್ಟಿದ್ದರೆ ಕಥೆಯು ಹೇಗೆ ತಿರುಗುತ್ತಿತ್ತೆಂದು ವಿದ್ಯಾರ್ಥಿಗಳನ್ನು ಕೇಳಬಹುದು. ಅಂಗದನ ಪ್ರಸಂಗವು ಇದಕ್ಕೆ ಉತ್ತಮವಾದ ಪಾಠ.

ಸೋಲಿನ ಭಾರವನ್ನು ತಗ್ಗಿಸುವದಕ್ಕೆ ವ್ಯವಸ್ಥೆಯೂ ಕೆಲವು ದಾರಿಗಳನ್ನು ತೆರೆದಿದೆ. ಕರ್ನಾಟಕದಲ್ಲಿ ೨೦೨೪ರಲ್ಲಿ ಹತ್ತನೆಯ ತರಗತಿಗೂ ದ್ವಿತೀಯ ಪದವಿಪೂರ್ವಕ್ಕೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿಯು ಬಂದಿತು. ಅವಧಿಯು ಮೀರಿತೆಂಬ ಅಂಗದನ ಭಯಕ್ಕೆ ಇದೊಂದು ಪರಿಹಾರ. ೨೦೨೫ರ ಜುಲೈ ೨೫ರಂದು ಸರ್ವೋಚ್ಚ ನ್ಯಾಯಾಲಯವು, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಗಳಲ್ಲಿ ಅರ್ಹನಾದ ಸಮಾಲೋಚಕನೊಬ್ಬನಾದರೂ ಇರಬೇಕೆಂದೂ, ಎಲ್ಲ ಸಿಬ್ಬಂದಿಗೆ ವರ್ಷಕ್ಕೆರಡು ಬಾರಿ ತರಬೇತಿ ಆಗಬೇಕೆಂದೂ ಆಜ್ಞಾಪಿಸಿತು.

೮. ಉಪಸಂಹಾರ

ಮೇಲಣ ವಿಚಾರದಿಂದ ಸಿದ್ಧವಾದ ಅಂಶಗಳಿವು. ತರುಣರ ಈ ಸಂಕಟವು ಅಪರಾಧವೂ ಅಲ್ಲ, ಮನೆತನದ ಕಳಂಕವೂ ಅಲ್ಲ. ಚಿಕಿತ್ಸೆಗೆ ಒಳಪಡುವ ನೋವು. ಯಾರಿಗೆ ಏನಾಗುವದೆಂದು ಮೊದಲೇ ಹೇಳಬಲ್ಲ ಅಳತೆಯಿಲ್ಲ. ಆದುದರಿಂದ ನೊಂದವರೆಲ್ಲರನ್ನೂ ಕೇಳಬೇಕು, ಕೇಳಿದವರ ಕೈಬಿಡಕೂಡದು. ಕೇಳುವದರಿಂದ ಕೇಡಿಲ್ಲ. ಸಂಕಟದ ಹೊತ್ತನ್ನು ದಾಟಿಸುವ ಯೋಜನೆ, ರೋಗವಿದ್ದರೆ ಅದರ ಔಷಧ, ಮಾತಿನ ಚಿಕಿತ್ಸೆ, ನಿರಪಾಯವಾದ ಮನೆ, ಬಿಡದ ವಿಚಾರಣೆ, ಇವು ಚಿಕಿತ್ಸೆಯ ಅಂಗಗಳು.

ಭಾಷೆಯನ್ನು ಬಲ್ಲವರಿಗೆ ಇದರಲ್ಲಿ ವಿಶೇಷವಾದ ಕಾರ್ಯವೊಂದು ಉಳಿದಿದೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹಳ್ಳಿ ಹಳ್ಳಿಗಳಲ್ಲಿ ಜನರು ದುಃಖವನ್ನು ಹೇಳಿಕೊಳ್ಳುವ ನುಡಿಗಟ್ಟುಗಳನ್ನು, ಹೆಂಗಸರ ಮಾತು, ಹುಡುಗರ ಮಾತು, ಮುದುಕರ ಮಾತು ಎಂದು ವಿಂಗಡಿಸಿ ಸಂಗ್ರಹಿಸುವದು. ವೈದ್ಯರ ಪ್ರಶ್ನೆಗಳನ್ನು ವೈದ್ಯರೊಡನೆ ಕುಳಿತು ಆ ನುಡಿಗೆ ಹೊಂದಿಸುವದು. ಗಾದೆ, ಒಗಟು, ಲಾವಣಿಗಳನ್ನು ಶ್ರಮಪಟ್ಟು ಕೂಡಿಸಿದ ವಿದ್ವಾಂಸರಿಗೆ ಈ ಸಂಗ್ರಹವು ಅಸಾಧ್ಯವಾದುದಲ್ಲ. ಅಂಥ ಒಂದು ಪದಕೋಶವು ತಾಲೂಕಿನ ಆಸ್ಪತ್ರೆಯ ಮೇಜಿನ ಮೇಲೂ ಶಾಲೆಯ ಉಪಾಧ್ಯಾಯರ ಕೈಯಲ್ಲೂ ಇದ್ದರೆ, ಸರಿಯಾದ ಪ್ರಶ್ನೆಯು ಸರಿಯಾದ ಹೊತ್ತಿನಲ್ಲಿ ಸರಿಯಾದ ನುಡಿಯಲ್ಲಿ ಹೊರಬಂದೀತು. ಅಷ್ಟರವರೆಗೆ ೧೪೪೧೬ ಎಂಬ ಅಂಕಿಯನ್ನಾದರೂ ಪ್ರತಿಯೊಂದು ತರಗತಿಯ ಗೋಡೆಯ ಮೇಲೆ ಬರೆಯಿಸುವದು ಉಪಾಧ್ಯಾಯರಿಂದ ಈ ದಿನವೇ ಆಗತಕ್ಕ ಕೆಲಸ.